ರನ್‌ವೇ ದೀಪ ಮೊದಲು, ಸೋಲಾರ್ ಆಮೇಲೆ

"ಎಲ್‌ಇಡಿ ಹಾಕಿದ್ರೆ ನಿಮ್ಮ ಸಿಸಿಆರ್ ತಿಂಗಳೂ ಬಾಳಲ್ಲ" ಅಂದವರೇ ಈಗ ಫೋನ್ ಮಾಡಿ ಹೇಗೆ ಮಾಡಿದಿರಿ ಅಂತ ಕೇಳುತ್ತಿದ್ದಾರೆ. ಸಿಸಿಆರ್ ಅಂದರೆ ರನ್‌ವೇ ದೀಪಗಳ ಸಾಲಿಗೆ ಒಂದೇ ಸಮನಾದ ಕರೆಂಟ್ ಕೊಡುವ ರೆಗ್ಯುಲೇಟರ್. ನಾವು ಆ ಸಾಲಿನ ಹ್ಯಾಲೊಜನ್ ದೀಪ ತೆಗೆದು ಎಲ್‌ಇಡಿ ಹಾಕಿದೆವು. ಒಬ್ಬೊಬ್ಬರಿಗೆ ಹೇಳಿ ಸಾಕಾಯಿತು, ಅದಕ್ಕೇ ಬರೆಯುತ್ತಿದ್ದೇನೆ. ಬಳ್ಳಾರಿ-ಕೊಪ್ಪಳ ಕಡೆಯ ಒಂದು ಖಾಸಗಿ ಏರ್‌ಸ್ಟ್ರಿಪ್, ಹೆಸರು ಬೇಡ. ಅಲ್ಲಿನ ಎಲೆಕ್ಟ್ರಿಕಲ್ ಮೇಂಟೆನೆನ್ಸ್ ಗುತ್ತಿಗೆ ನನ್ನದು.

ಪರಿಸರದ ಕಾಳಜಿಯಿಂದ ಶುರು ಮಾಡಿದೆವು ಅಂದರೆ ಸುಳ್ಳು. ಮೇಲಿನವರಿಗೆ ವಾರ್ಷಿಕ ವರದಿಯಲ್ಲಿ ತೋರಿಸಲು ಏನಾದರೂ ಬೇಕಿತ್ತು. ನನಗೆ ಡೀಸೆಲ್ ಬಿಲ್ ಇಳಿಸಬೇಕಿತ್ತು. ಮೀಟಿಂಗಿನಲ್ಲಿ ಎಲ್ಲರ ಬಾಯಲ್ಲೂ ಕೊಚ್ಚಿಯೇ. 2015ರಲ್ಲಿ 12 ಮೆಗಾವ್ಯಾಟ್ ಸೋಲಾರ್ ಹಾಕಿ ಇಡೀ ವಿಮಾನ ನಿಲ್ದಾಣವನ್ನೇ ಸೌರ ವಿದ್ಯುತ್ತಿಗೆ ತಂದರು, ನಿಜ. ಆದರೆ ಅವರದು ಹಗಲೂ ರಾತ್ರಿ ಎಸಿ ಓಡುವ ಜಾಗ. ಹಗಲು ಹೆಚ್ಚಾದದ್ದನ್ನು ಗ್ರಿಡ್ಡಿಗೆ ಕೊಟ್ಟು ರಾತ್ರಿ ವಾಪಸ್ ತೆಗೆದುಕೊಳ್ಳುತ್ತಾರೆ. ನಮ್ಮಲ್ಲಿ ದಿನಕ್ಕೆ ಒಂದೆರಡು ವಿಮಾನ, ಕೆಲವು ದಿನ ಅದೂ ಇಲ್ಲ.

ನಮ್ಮ ದುಡ್ಡು ಹೋಗುತ್ತಿದ್ದದ್ದು ಜನರೇಟರಿಗೆ. ಕರೆಂಟ್ ಹೋದರೆ 15 ಸೆಕೆಂಡಿನೊಳಗೆ ರನ್‌ವೇ ದೀಪ ಮತ್ತೆ ಹತ್ತಬೇಕು. ಕರೆಂಟ್ ಹೋದಾಗ ತಾನಾಗೇ ಜನರೇಟರಿಗೆ ಬದಲಾಯಿಸುವ ಆಟೋ ಚೇಂಜ್‌ಓವರ್ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ. ಹಾಗಾಗಿ ವಿಮಾನ ಬರುವ ಎಷ್ಟೋ ಹೊತ್ತು ಮುಂಚೆಯೇ ಜನರೇಟರ್ ಹಚ್ಚಿ, ಅದು ಹೋಗುವವರೆಗೂ ಸುಮ್ನೆ ಓಡಿಸುತ್ತಿದ್ದರು. 125 ಕೆವಿಎ ಮೆಷಿನ್, ಲೋಡು ಅದರ ಕಾಲು ಭಾಗವೂ ಇಲ್ಲ. ಸೈಲೆನ್ಸರಿನಿಂದ ಕಪ್ಪು ಎಣ್ಣೆ ತೊಟ್ಟಿಕ್ಕುತ್ತಿತ್ತು. ಗಂಟೆಗೆ ಹತ್ತಿರತ್ತಿರ 10 ಲೀಟರ್ ಕುಡಿಯುತ್ತಿತ್ತು.

ನಾನು ಹೇಳಿದ್ದು ಇಷ್ಟೇ. ಮೊದಲು ಲೋಡ್ ಇಳಿಸೋಣ, ಆಮೇಲೆ ಚಿಕ್ಕ ಜನರೇಟರ್, ಪ್ಯಾನೆಲ್ ಕೊನೆಗೆ. ಯಾರಿಗೂ ಇಷ್ಟವಾಗಲಿಲ್ಲ. ಪ್ಯಾನೆಲ್ ಫೋಟೋಗೆ ಚೆಂದ, ಸಿಸಿಆರ್ ರೂಮಿನ ಫೋಟೋ ಯಾರು ಹಾಕುತ್ತಾರೆ?

ಅಂಚಿನ ದೀಪಗಳು ಸುಮಾರು 70, ಎಲ್ಲಾ 150 ವ್ಯಾಟ್ ಹ್ಯಾಲೊಜನ್. ಪರೀಕ್ಷೆಗೆ ಅಂತ ಮೊದಲು ಅಗ್ಗದ ಎಲ್‌ಇಡಿ ಒಂದಷ್ಟು ತರಿಸಿ ಶೆಡ್ಡಿನ ಹಿಂದೆ ಬಯಲಲ್ಲಿ ನೆಟ್ಟೆ. ಮೊದಲ ಮಳೆಗೇ ಗ್ಯಾಸ್ಕೆಟ್ ಬಿಟ್ಟು ಗಾಜಿನೊಳಗೆ ನೀರು ನಿಂತಿತು. ಮಾರಿದವನು ಅರ್ಧ ದುಡ್ಡು ವಾಪಸ್ ಕೊಟ್ಟ, ಉಳಿದರ್ಧಕ್ಕೆ ಇವತ್ತಿಗೂ ಫೋನ್ ಎತ್ತುತ್ತಿಲ್ಲ. ಒಳ್ಳೆಯದಕ್ಕೆ ಒಂದೊಂದಕ್ಕೆ 25 ಸಾವಿರದ ಆಸುಪಾಸು, ಒಟ್ಟು 17-18 ಲಕ್ಷ. "ಈ ವರ್ಷ ಅರ್ಧ, ಮುಂದಿನ ವರ್ಷ ಅರ್ಧ ಹಾಕಿ" ಅಂದರು ಮೇಲಿನವರು. ನಾನು ಒಪ್ಪಲಿಲ್ಲ. ಒಂದೇ ಸರ್ಕ್ಯೂಟಿನಲ್ಲಿ ಹ್ಯಾಲೊಜನ್, ಎಲ್‌ಇಡಿ ಎರಡನ್ನೂ ಬೆರೆಸಬಾರದು. ಬೆಳಕು ತಗ್ಗಿಸಿದಾಗ ಹ್ಯಾಲೊಜನ್ ಕೆಂಪಗಾಗುತ್ತದೆ, ಎಲ್‌ಇಡಿ ಬೆಳ್ಳಗೇ ಇರುತ್ತದೆ. ಮೇಲಿಂದ ನೋಡುವವನ ಗತಿ ಏನು? ಕಾಗದಪತ್ರ, ತಪಾಸಣೆ ಎಲ್ಲಾ ಮುಗಿಸಿಕೊಂಡು ಒಂದೇ ಸಲಕ್ಕೆ ಬದಲಾಯಿಸಿದೆವು.

ಬೆಳಕಿನ ಮಟ್ಟಕ್ಕೆ 1ರಿಂದ 5ರವರೆಗೆ ಸ್ಟೆಪ್ ಇರುತ್ತವೆ. ಮೊದಲ ರಾತ್ರಿ ಅತಿ ಪ್ರಖರವಾದ 5ನೇ ಸ್ಟೆಪ್ ಭರ್ಜರಿ. 1 ಮತ್ತು 2ಕ್ಕೆ ಇಳಿಸಿದ ತಕ್ಷಣ ಇಡೀ ಸಾಲು ಮಿಣಮಿಣ ಅನ್ನತೊಡಗಿತು. ಹೇಳಿರಲಿಲ್ವಾ ಅಂತ ನಕ್ಕವರು ಜಾಸ್ತಿ. 15 ಕೆವಿಎ ಸಿಸಿಆರ್‌ಗೆ ಈಗ 3 ಕೆವಿಎ ಲೋಡು. 2.8 ಆಂಪಿಯರ್ ಬರಬೇಕಾದ ಕಡೆ ನಮ್ಮ ಹಳೇ ಕ್ಲ್ಯಾಂಪ್ ಮೀಟರ್ ಏನೇನೋ ತೋರಿಸಿತು. ಅಲೆ ಕೆಟ್ಟಿದ್ದರೂ ಸರಿಯಾಗಿ ಅಳೆಯುವ ಟ್ರೂ ಆರ್‌ಎಂಎಸ್ ಮೀಟರ್ ಮತ್ತು ಕರೆಂಟಿನ ಅಲೆಯನ್ನು ಪರದೆಯ ಮೇಲೆ ತೋರಿಸುವ ಸ್ಕೋಪ್ ಎರವಲು ತಂದು ನೋಡಿದರೆ ಅಲೆ ಅಲೆಯಾಗೇ ಇಲ್ಲ, ಬರೀ ಚೂಪು ಮುಳ್ಳುಗಳು. ಬಂದ ಇಂಜಿನಿಯರ್ ಹೊಸ ಸಿಸಿಆರ್ ತಗೊಳ್ಳಿ ಅಂತ ಲಕ್ಷಗಟ್ಟಲೆ ಕೊಟೇಶನ್ ಕೊಟ್ಟು ಹೋದರು. ನಾನು ಲೈನ್ ಆಫ್ ಮಾಡಿ ಹಿಂದಿನ ಬಾಗಿಲು ಬಿಚ್ಚಿದೆ. ಲೋಡಿಗೆ ತಕ್ಕಂತೆ ಬದಲಾಯಿಸಬೇಕಾದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನ ಟ್ಯಾಪ್ (ಜೋಡಣೆಯ ತುದಿ) ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೇ ಇತ್ತು, ನಟ್ಟಿನ ಮೇಲೆ ಬಣ್ಣದ ಗುರುತೂ ಅಳಿಸಿರಲಿಲ್ಲ. ಟ್ಯಾಪ್ ಇಳಿಸಿದ ಮೇಲೆ ಮುಕ್ಕಾಲು ಪಾಲು ಸರಿಹೋಯಿತು. ಉಳಿದ ಕಾಲು ಪಾಲು ಪ್ರತಿ ದೀಪಕ್ಕೂ ಇರುವ ಚಿಕ್ಕ ಐಸೊಲೇಟಿಂಗ್ ಟ್ರಾನ್ಸ್‌ಫಾರ್ಮರುಗಳಲ್ಲಿತ್ತು. ಅಲ್ಲಿ ಏನು ಮಾಡಿದೆ ಅಂತ ಇಲ್ಲಿ ಬರೆಯಲ್ಲ, ಅದು ನನ್ನ ಹೊಟ್ಟೆಪಾಡು.

ಯಾರೂ ಹೇಳದ ಇನ್ನೊಂದು ತಾಪತ್ರಯವಿದೆ. ಹ್ಯಾಲೊಜನ್ ಬಿಸಿಗೆ ಗಾಜು ಒಣಗಿರುತ್ತಿತ್ತು. ಎಲ್‌ಇಡಿ ಗಾಜು ತಣ್ಣಗೆ. ಡಿಸೆಂಬರಿನ ಇಬ್ಬನಿ ಬಿದ್ದು, ಅದರ ಮೇಲೆ ಅದಿರಿನ ಧೂಳು ಕೂತು, ಬೆಳಗ್ಗೆ ನೋಡಿದರೆ ಕುಂಕುಮ ಕಲಸಿ ಬಳಿದ ಹಾಗೆ. ಚಳಿಗಾಲದಲ್ಲಿ ಒರೆಸಲು ಒಬ್ಬ ಹುಡುಗ ಬೇಕೇ ಬೇಕು. ಅವನ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ.

ಜನರೇಟರ್ ಬದಲಿಸಿ 40 ಕೆವಿಎ ತಂದೆವು. ಹಳೆಯದನ್ನು ಮಾರಿದ ದುಡ್ಡಿನಲ್ಲೇ ಹೆಚ್ಚುಕಡಿಮೆ ಬಂತು. ಚೇಂಜ್‌ಓವರ್ ಪ್ಯಾನೆಲ್ಲಿನ ಕಾಂಟ್ಯಾಕ್ಟರ್, ರಿಲೇಗಳನ್ನು ಬಳ್ಳಾರಿಯಲ್ಲೇ ಕೊಂಡು ಹೊಸದಾಗಿ ಕಟ್ಟಿದೆ. ಈಗ ದಿನಾ ಪರೀಕ್ಷೆ, 8-9 ಸೆಕೆಂಡಿನಲ್ಲಿ ದೀಪ ಹತ್ತುತ್ತವೆ. ಮುಂಚೆಯಿಂದ ಓಡಿಸುವ ಪದ್ಧತಿಯೇ ನಿಂತಿತು. ತಿಂಗಳಿಗೆ 1,000 ಲೀಟರ್ ಹತ್ತಿರ ಹೋಗುತ್ತಿದ್ದ ಡೀಸೆಲ್ ಈಗ 200 ದಾಟಲ್ಲ. ನಿಜ ಹೇಳಬೇಕೆಂದರೆ ಉಳಿತಾಯದ ದೊಡ್ಡ ಪಾಲು ಆ ಚೇಂಜ್‌ಓವರ್ ರಿಪೇರಿಯದು. ಅದಕ್ಕೆ ಖರ್ಚಾಗಿದ್ದು ಕೆಲವೇ ಸಾವಿರ. ವರದಿಯಲ್ಲಿ ಮಾತ್ರ ಅದರ ಸುದ್ದಿಯೇ ಇಲ್ಲ.

ನಡುವೆ ಒಂದು ಹುಚ್ಚು ಪ್ರಯೋಗ. ಎಟಿಆರ್ ಅನ್ನುವ ಪ್ರೊಪೆಲರ್ ವಿಮಾನಕ್ಕೆ ಎಪಿಯು, ಅಂದರೆ ನಿಂತಾಗ ಕರೆಂಟ್ ಕೊಡುವ ಚಿಕ್ಕ ಎಂಜಿನ್, ಇರಲ್ಲ. ನೆಲದ ಕರೆಂಟ್ ಸಿಗದಿದ್ದರೆ ಪ್ರೊಪೆಲರಿಗೆ ಬ್ರೇಕ್ ಹಾಕಿ ಬಲಗಡೆ ಎಂಜಿನ್ ಓಡಿಸುತ್ತಾ ನಿಲ್ಲುತ್ತದೆ. ಕಣ್ಣೆದುರೇ ಇಂಧನ ಸುಡುತ್ತದೆ. ನೆಲದಿಂದ ಕರೆಂಟ್ ಕೊಡುವ ಡೀಸೆಲ್ ಗಾಡಿ (ಜಿಪಿಯು) ಬದಲು ಬ್ಯಾಟರಿ ಗಾಡಿ ಯಾಕಾಗಬಾರದು ಅಂತ ಫೋರ್ಕ್‌ಲಿಫ್ಟ್ ಬ್ಯಾಟರಿ ಸೇರಿಸಿ 28 ವೋಲ್ಟಿನದು ಮಾಡಿದೆ. ಶೆಡ್ಡಿನಲ್ಲಿ ಲೋಡ್ ಕೊಟ್ಟು ನೋಡಿದರೆ ಚೆನ್ನಾಗೇ ಎಳೆಯಿತು. ಆದರೆ ಸರ್ಟಿಫಿಕೇಟ್ ಇಲ್ಲದ್ದನ್ನು ವಿಮಾನದ ಹತ್ತಿರ ಯಾರು ಬಿಟ್ಟುಕೊಳ್ಳುತ್ತಾರೆ? ಪೈಲಟ್ ಸಾಹೇಬರು ದೂರದಿಂದಲೇ ಕೈ ಮುಗಿದರು. ಅದೀಗ ವರ್ಕ್‌ಶಾಪಿನ ಫ್ಯಾನ್ ತಿರುಗಿಸುತ್ತಿದೆ.

ಸೋಲಾರ್ 40 ಕಿಲೋವ್ಯಾಟ್, ಹ್ಯಾಂಗರ್ ಸೂರಿನ ಮೇಲೆ, 20 ಲಕ್ಷ ಚಿಲ್ಲರೆ. ಶುರುವಿನಲ್ಲಿ ದಿನಕ್ಕೆ 150-160 ಯೂನಿಟ್. ಬೇಸಿಗೆಯಲ್ಲಿ ಸಂಡೂರು ಕಡೆಯ ಲಾರಿ ಧೂಳಿಗೆ 110ಕ್ಕೆ ಇಳಿಯಿತು. ಬೋರ್ ನೀರಲ್ಲಿ ತೊಳೆದರೆ ಬಿಳಿ ಸುಣ್ಣದ ಕಲೆ. ಈಗ ಅದೇ ಸೂರಿನ ಮಳೆ ನೀರನ್ನು ತೊಟ್ಟಿಯಲ್ಲಿ ಹಿಡಿದಿಟ್ಟು, ಬಿಸಿಲೇರುವ ಮುಂಚೆ ತೊಳೆಯುತ್ತೇವೆ. ಏಪ್ರಿಲ್ ಹೊತ್ತಿಗೆ ತೊಟ್ಟಿ ಖಾಲಿ, ಆಗ ಒಣ ಬಟ್ಟೆಯೇ ಗತಿ.

ರಾಯಚೂರಿನ ಯರಮರಸ್ ವಿಮಾನ ನಿಲ್ದಾಣದ ಮಾತು ವರ್ಷಗಳಿಂದ ನಡೆದಿದೆ. ಅಂಥ ಕಡೆ ಕೆಲಸ ಹಿಡಿಯುವ ಹುಡುಗರು ಮೊದಲಿಂದಲೇ ಎಲ್‌ಇಡಿ ಲೆಕ್ಕಕ್ಕೆ ತಕ್ಕ ಚಿಕ್ಕ ಸಿಸಿಆರ್ ಬರೆಸಿಕೊಳ್ಳಿ. ನಮ್ಮಲ್ಲಿ ಪಿಎಪಿಐ (PAPI) ದೀಪಗಳು, ಅಂದರೆ ಇಳಿಯುವಾಗ ಎತ್ತರ ಸರಿಯಿದೆಯೇ ಅಂತ ಪೈಲಟ್‌ಗೆ ತೋರಿಸುವ ದೀಪಗಳು, ಇನ್ನೂ ಹ್ಯಾಲೊಜನ್. ಎರಡು ಕೊಟೇಶನ್ ಬಂದಿವೆ, ಎರಡೂ ದುಬಾರಿ. ಮೂರನೆಯದು ಬರಲಿ, ನೋಡೋಣ.