ಕಲ್ಲು ತಣ್ಣಗಾದ ಕಥೆ: ಖನಿಜಗಳ ವಯಸ್ಸಿನಿಂದ ಓದುವ ಬಗೆ

ಒಂದೇ ಗ್ರಾನೈಟ್ ತುಂಡಿನ ಜಿರ್ಕಾನ್, ಬಯೋಟೈಟ್, ಅಪಟೈಟ್‌ಗಳ ವಯಸ್ಸು ಅಳೆದರೆ ಸಾಮಾನ್ಯವಾಗಿ ಮೂರು ಬೇರೆ ಬೇರೆ ಸಂಖ್ಯೆ ಸಿಗುತ್ತವೆ. ಮೂರೂ ಸರಿಯಿರಬಹುದು. ವಿಕಿರಣ ಕ್ಷಯದಿಂದ ಹುಟ್ಟಿದ್ದು ಬಿಸಿ ಹರಳಿನಲ್ಲಿ ನಿಲ್ಲುವುದಿಲ್ಲ. ಸಾಕಷ್ಟು ತಣ್ಣಗಾದ ಮೇಲಷ್ಟೇ ಉಳಿಯುತ್ತದೆ. ಆ ಹಂತವೇ ಮುಚ್ಚುವ ತಾಪಮಾನ. ಜಿರ್ಕಾನ್‌ನ ಯುರೇನಿಯಂನಿಂದ ಹುಟ್ಟುವ ಸೀಸಕ್ಕೆ ಅದು 900 ಡಿಗ್ರಿ ಸೆಲ್ಸಿಯಸ್‌ಗೂ ಮೇಲೆ, ಹಾರ್ನ್‌ಬ್ಲೆಂಡ್‌ನಲ್ಲಿ ಪೊಟ್ಯಾಸಿಯಂನಿಂದ ಹುಟ್ಟುವ ಆರ್ಗಾನ್‌ಗೆ ಸುಮಾರು 500, ಬಯೋಟೈಟ್‌ಗೆ 300, ಜಿರ್ಕಾನ್ ಹೀಲಿಯಂಗೆ 180, ಅಪಟೈಟ್‌ನ ವಿದಳನ ಜಾಡಿಗೆ (ಯುರೇನಿಯಂ ಪರಮಾಣು ಒಡೆದಾಗ ಹರಳಿನಲ್ಲಿ ಉಳಿಯುವ ಗಾಯದ ಗೆರೆ) 110, ಅಪಟೈಟ್ ಹೀಲಿಯಂಗೆ 70. ಕಾಳು ಚಿಕ್ಕದಾದಷ್ಟೂ, ತಣಿಯುವಿಕೆ ನಿಧಾನವಾದಷ್ಟೂ ಇವು ಕೆಳಗಿಳಿಯುತ್ತವೆ.

ಬಯೋಟೈಟ್ 10 ಕೋಟಿ ವರ್ಷ, ಅಪಟೈಟ್ ಜಾಡು 8.1 ಕೋಟಿ ವರ್ಷ ತೋರಿಸಿದರೆ, 190 ಡಿಗ್ರಿ ಇಳಿಯಲು 1.9 ಕೋಟಿ ವರ್ಷ ಹಿಡಿದಿದೆ: ಹತ್ತು ಲಕ್ಷ ವರ್ಷಕ್ಕೆ ಸರಾಸರಿ 10 ಡಿಗ್ರಿ. ಬಯೋಟೈಟ್ ಹಸಿರಾಗಿ ಕ್ಲೋರೈಟ್ ಆಗಿದ್ದರೆ ಬಿಟ್ಟುಬಿಡಿ, ಅದರ ಪೊಟ್ಯಾಸಿಯಂ ಹೋಗಿರುತ್ತದೆ.

ಶಿಥಿಲವಾಗದ ಕಲ್ಲು 3–5 ಕಿಲೋ ಬೇಕು. ಪುಡಿಮಾಡಿ, 300 ಮೈಕ್ರಾನ್ ಜರಡಿ ಹಿಡಿದು, ತೊಳೆದು, ಅಯಸ್ಕಾಂತಕ್ಕೆ ಅಂಟುವುದನ್ನು ತೆಗೆಯಿರಿ. 3.3 ಸಾಂದ್ರತೆಯ ಮಿಥಿಲೀನ್ ಅಯೊಡೈಡ್‌ನಲ್ಲಿ ಅಪಟೈಟ್ ತೇಲುತ್ತದೆ, ಜಿರ್ಕಾನ್ ಮುಳುಗುತ್ತದೆ. ಈ ಕೆಲಸ ಹೊಗೆ ಎಳೆಯುವ ಪೆಟ್ಟಿಗೆಯೊಳಗೇ ಆಗಲಿ.

ಅಪಟೈಟ್ ಕಾಳುಗಳನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ, ಹೊಳಪು ಕೊಟ್ಟು, 5.5 ಮೋಲಾರ್ ನೈಟ್ರಿಕ್ ಆಮ್ಲದಲ್ಲಿ 21 ಡಿಗ್ರಿಯಲ್ಲಿ 20 ಸೆಕೆಂಡ್ ಇಡಿ; ಆಮ್ಲ ಕೊರೆದು ಜಾಡುಗಳನ್ನು ಕಾಣುವಂತೆ ಮಾಡುತ್ತದೆ. ಸೆಕೆಂಡ್ ಹೆಚ್ಚುಕಮ್ಮಿಯಾದರೆ ಜಾಡಿನ ಉದ್ದವೇ ಬದಲಾಗುತ್ತದೆ, ಮುಂದಿನ ಲೆಕ್ಕವೆಲ್ಲ ಕೆಡುತ್ತದೆ. ಸೂಕ್ಷ್ಮದರ್ಶಕದಲ್ಲಿ ಜಾಡುಗಳು ಸಣ್ಣ ಕಪ್ಪು ಸೂಜಿಗಳಂತೆ ಕಾಣುತ್ತವೆ. ಎರಡೂ ತುದಿ ಹರಳಿನೊಳಗೇ ಇರುವ, ಅಡ್ಡಡ್ಡ ಮಲಗಿದವನ್ನು ಮಾತ್ರ ಅಳೆಯಿರಿ; ಸುಮಾರು 100 ಬೇಕು.

ವಯಸ್ಸಿಗಿಂತ ಹೆಚ್ಚು ಹೇಳುವುದು ಈ ಉದ್ದವೇ. ಹೊಸ ಜಾಡು 16 ಮೈಕ್ರಾನ್‌ನಷ್ಟಿರುತ್ತದೆ, 60–120 ಡಿಗ್ರಿಯಲ್ಲಿ ಕುಗ್ಗುತ್ತದೆ. ಸರಾಸರಿ 14–15, ಹರವು ಕಿರಿದು ಎಂದರೆ ಕಲ್ಲು ಬೇಗ ತಣಿದು ಹಾಗೇ ಉಳಿದಿದೆ. ಸರಾಸರಿ 12, ಹರವು ಅಗಲ ಅಥವಾ ಎರಡು ಶಿಖರ ಎಂದರೆ ಆ ಬಿಸಿಯಲ್ಲಿ ಬಹುಕಾಲ ಇತ್ತು, ಇಲ್ಲವೇ ಮತ್ತೆ ಕಾದಿದೆ. ಆಗ ವಯಸ್ಸನ್ನು ಯಾವುದೇ ಘಟನೆಯ ಕಾಲವೆಂದು ಬರೆಯಬೇಡಿ.

ಹೀಲಿಯಂಗೆ 60 ಮೈಕ್ರಾನ್‌ಗಿಂತ ಅಗಲದ, ಸ್ವಚ್ಛ ಅಪಟೈಟ್ ಕಾಳು ಆರಿಸಿ. ಒಳಗೆ ಪುಟ್ಟ ಜಿರ್ಕಾನ್ ಸಿಕ್ಕಿಕೊಂಡಿದ್ದರೆ ಅದರ ಹೀಲಿಯಂ ಲೆಕ್ಕಕ್ಕೆ ಬರುತ್ತದೆ, ನೈಟ್ರಿಕ್ ಆಮ್ಲದಲ್ಲಿ ಕರಗದ ಅದರ ಯುರೇನಿಯಂ ಬರುವುದಿಲ್ಲ. ವಯಸ್ಸು ಸುಳ್ಳೇ ಹೆಚ್ಚುತ್ತದೆ. ಆಲ್ಫಾ ಕಣ, ಅಂದರೆ ಕ್ಷಯದಲ್ಲಿ ಹುಟ್ಟುವ ಹೀಲಿಯಂ, ಅಪಟೈಟ್‌ನಲ್ಲಿ ಸುಮಾರು 20 ಮೈಕ್ರಾನ್ ಚಿಮ್ಮುವುದರಿಂದ ಅಂಚಿನ ನಷ್ಟವನ್ನೂ ತಿದ್ದಬೇಕು. ಕಾಳಿನಿಂದ ಕಾಳಿಗೆ ವಯಸ್ಸು ಚದುರಿದರೆ ಎಸೆಯುವ ಮೊದಲು ಯುರೇನಿಯಂ ಪ್ರಮಾಣದ ಎದುರು ಗುರುತಿಸಿ ನೋಡಿ: ವಿಕಿರಣದಿಂದ ಹಾಳಾದ ಹರಳು ಹೀಲಿಯಂ ಅನ್ನು ಹೆಚ್ಚು ಹಿಡಿದಿಡುತ್ತದೆ.

ಕೊನೆಗೆ ಈ ವಯಸ್ಸು, ಉದ್ದಗಳನ್ನೆಲ್ಲ ಹೆಫ್ಟಿ ಅಥವಾ ಕ್ಯೂಟಿಕ್ಯೂಟಿ ತಂತ್ರಾಂಶದಲ್ಲಿ ಸೇರಿಸಿ; ಕಲ್ಲು ತಣಿದ ದಾರಿಯನ್ನು ಅದು ಗೆರೆಯಾಗಿ ಎಳೆಯುತ್ತದೆ. ಕಲ್ಲಿನ ಮೇಲೆ ವಯಸ್ಸು ಗೊತ್ತಿರುವ ಮರಳುಗಲ್ಲು ನೇರವಾಗಿ ಶೇಖರವಾಗಿದ್ದರೆ, ಆ ಕಾಲದಲ್ಲಿ ನಿಮ್ಮ ಕಲ್ಲು ನೆಲದ ಮೇಲಿತ್ತೆಂಬ ನಿರ್ಬಂಧ ಹಾಕಿ. ಅಪಟೈಟ್ ಮಾತ್ರ ಇದ್ದರೆ 120 ಡಿಗ್ರಿಗಿಂತ ಮೇಲೆ ತಂತ್ರಾಂಶ ಎಳೆಯುವ ಗೆರೆಗೆ ಆಧಾರವಿಲ್ಲ; ಅಷ್ಟನ್ನು ಚಿತ್ರದಿಂದ ಕತ್ತರಿಸಿ.