ಬಾತಾಲ್‌ನ ಒಂದು ಬೆಳಗ್ಗೆಗಾಗಿ

ಮೊದಲ ಸಲ ಹಿಮಾಚಲದ ಸ್ಪಿತಿಗೆ ಹೋದಾಗ ಮನಾಲಿ ಕಡೆಯಿಂದ ಹತ್ತಿದೆವು. ರೋಹ್ತಾಂಗ್ ಗುಡ್ಡದ ಕೆಳಗೆ ಹಾಯುವ ಅಟಲ್ ಸುರಂಗ ಆಗಿನ್ನೂ ತೆರೆದಿರಲಿಲ್ಲ. ರೋಹ್ತಾಂಗ್ ಏರಿ ಇಳಿದು, ಗ್ರಾಂಫೂನಲ್ಲಿ ಬಲಕ್ಕೆ ತಿರುಗಿ, ಛತ್ರುವಿನಲ್ಲಿ ರಾಜ್ಮಾ ಅನ್ನ ಉಂಡು, ಪಾಗಲ್ ನಾಲಾ ಮುಂದೆ ನಿಂತಾಗ ಸಂಜೆ ನಾಲ್ಕು ಗಂಟೆ. ಆಗಸ್ಟ್ ತಿಂಗಳು. ನೀರು ರಾಡಿ ಬಣ್ಣ, ಒಳಗೆ ಕಲ್ಲು ಉರುಳುವ ಸದ್ದು ಗಾಡಿಯೊಳಗೆ ಕೂತವರಿಗೂ ಕೇಳುತ್ತಿತ್ತು. ಹೆಸರೇ ಹುಚ್ಚು ಹಳ್ಳ. ಸಕಲೇಶಪುರದ ಮಳೆಗಾಲ ಕಂಡ ನಮಗೆ ಇದ್ಯಾವ ಲೆಕ್ಕ ಅಂದುಕೊಂಡೆವು. ಆಕ್ಸಿಲರೇಟರ್ ದಬಾಯಿಸಿ ಎರಡು ಗಾಡಿ ದಾಟಿದವು. ಮೂರನೆಯದು ನಡುನೀರಲ್ಲಿ ಕಲ್ಲಿಗೆ ಹೊಡೆದು, ಮುಂದೆದ್ದ ಅಲೆಯನ್ನು ಏರ್ ಫಿಲ್ಟರ್ ಮೂಲಕ ಕುಡಿದು, ಒಂದು ಸಲ ಕೆಮ್ಮಿ ನಿಂತೇಬಿಟ್ಟಿತು.

ಸ್ಥಳೀಯ ಪಿಕಪ್‌ನವರು ತಂತಿ ಹಗ್ಗ ಹಾಕಿ ಎಳೆದು ಕೊಡುವಷ್ಟರಲ್ಲಿ ಕತ್ತಲಾಗಿತ್ತು. ಬಾತಾಲ್ ಢಾಬಾದಲ್ಲಿ ಮಲಗಿದವರಲ್ಲಿ ಇಬ್ಬರು ರಾತ್ರಿಯಿಡೀ ವಾಂತಿ ಮಾಡಿದರು. ಆಗದೆ ಇನ್ನೇನು? ಬೆಳಗ್ಗೆ ಮನಾಲಿಯಲ್ಲಿ 2,050 ಮೀಟರ್, ರಾತ್ರಿ ಬಾತಾಲ್‌ನಲ್ಲಿ 3,960. ಚಂದ್ರತಾಲ್ ಕೆರೆ ಅಲ್ಲಿಂದ ಬರೀ 14 ಕಿಲೋಮೀಟರ್ ಇತ್ತು. ನೋಡದೆ ವಾಪಸ್ ಬಂದೆವು, ಒಂದು ಗಾಡಿ ಲಾರಿ ಮೇಲೆ.

ಇನ್ನೊಂದು ಸಲ ಹೋಗೋಣ ಅಂತ ಮಾತು ಎದ್ದಾಗ ಯಾವ ಗಾಡಿ, ಯಾವ ಹೋಟೆಲ್ ಅಂತ ನಾನು ಶುರು ಮಾಡಲಿಲ್ಲ. ಅಡಿಕೆ ಮಂಡಿಯ ಕ್ಯಾಲೆಂಡರ್ ಹಾಳೆಯ ಹಿಂಭಾಗದಲ್ಲಿ ಒಂದೇ ಸಾಲು ಬರೆದೆ: ‘ಬಾತಾಲ್, ಬೆಳಗ್ಗೆ 6.’ ಉಳಿದದ್ದನ್ನೆಲ್ಲ ಅದರಿಂದ ಹಿಂದಕ್ಕೆ ಎಣಿಸಿದೆ.

ಬಾತಾಲ್‌ನಿಂದ ಗ್ರಾಂಫೂವರೆಗಿನ ಸುಮಾರು 50 ಕಿಲೋಮೀಟರೇ ಇಡೀ ಪ್ರವಾಸದ ಗಂಟಲು. ಅಲ್ಲಿನ ಹಳ್ಳಗಳು ಮಳೆಯ ಹಳ್ಳಗಳಲ್ಲ, ಹಿಮ ಕರಗಿ ಬರುವಂಥವು. ರಾತ್ರಿ ಮೇಲೆ ಹೆಪ್ಪುಗಟ್ಟಿದರೆ ಬೆಳಗ್ಗೆ ನೀರು ಕಡಿಮೆ. ಬಿಸಿಲೇರಿ ಕರಗಿದ ನೀರು ಮಧ್ಯಾಹ್ನದ ಮೇಲೆ ಕೆಳಗೆ ಬಂದು ಮುಟ್ಟುತ್ತದೆ. ಬೆಳಗ್ಗೆ ಮೊಣಕಾಲುದ್ದ ಇದ್ದದ್ದು ಸಂಜೆಗೆ ಸೊಂಟ. ನಮ್ಮೂರಲ್ಲಿ ಮಳೆ ನಿಂತರೆ ಹಳ್ಳ ಇಳಿಯುತ್ತೆ. ಅಲ್ಲಿ ಆಕಾಶ ಎಷ್ಟು ನಿಚ್ಚಳವೋ ಹಳ್ಳ ಅಷ್ಟು ಜೋರು. ಇದು ಗೊತ್ತಿಲ್ಲದೆ ‘ಬಿಸಿಲು ಚೆನ್ನಾಗಿದೆ, ಆರಾಮಾಗಿ ಹೊರಡೋಣ’ ಅಂದವರೇ ಸಿಕ್ಕಿಕೊಳ್ಳೋದು.

ಬೆಳಗ್ಗೆ ಆರಕ್ಕೆ ಬಾತಾಲ್‌ನಲ್ಲಿರಬೇಕು ಅಂದರೆ ಹಿಂದಿನ ರಾತ್ರಿ ಅಲ್ಲೇ ಮಲಗಬೇಕು. ಅಲ್ಲಿ ಮಲಗಿ ಯಾರಿಗೂ ತಲೆ ಸಿಡಿಯಬಾರದು ಅಂದರೆ ಮನಾಲಿಯಿಂದ ಹತ್ತುವ ಹಾಗೇ ಇಲ್ಲ. ಶಿಮ್ಲಾ, ಕಿನ್ನೌರ್ ಕಡೆಯಿಂದ ಸುತ್ತಿ ನಿಧಾನಕ್ಕೆ ಏರಬೇಕು: ನಾರ್ಕಂಡಾ 2,700, ಕಲ್ಪಾ 2,960, ತಾಬೋ 3,280, ಕಾಜಾ 3,650. ಮೂರು ಸಾವಿರ ಮೀಟರ್ ಮೇಲೆ ಹೋದಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು ಅನ್ನುವುದು ವೈದ್ಯರು ಹೇಳುವ ಲೆಕ್ಕ. ಈ ದಾರಿ ತಾನಾಗಿಯೇ ಅದಕ್ಕೆ ಹೊಂದುತ್ತದೆ. ಕಾಜಾದಲ್ಲಿ ಮೂರು ರಾತ್ರಿ ಇಟ್ಟೆ. ಎರಡು ಮೈ ಒಗ್ಗಲು, ಒಂದು ಕೈಯಲ್ಲಿರಲಿ ಅಂತ. ಹಗಲು ಕೀ ಮಠ, ಹಿಕ್ಕಿಂ, ಕೋಮಿಕ್ ಅಂತ ನಾಲ್ಕು ಸಾವಿರದ ಮೇಲೆ ಓಡಾಡಿ, ರಾತ್ರಿ ಕೆಳಗೆ ಬಂದು ಮಲಗುವುದು.

ಚಂದ್ರತಾಲ್ ಹತ್ತಿರ ಟೆಂಟಿನಲ್ಲಿ ಮಲಗುವ ಆಸೆ ಎಲ್ಲರಿಗೂ ಇತ್ತು. ಅದನ್ನು ನಾನೇ ಹೊಡೆದುಹಾಕಿದೆ, ಬೈಸಿಕೊಂಡೆ. ಕೆರೆ ಹೆಚ್ಚುಕಡಿಮೆ 4,300 ಮೀಟರಿನಲ್ಲಿದೆ. ರಾತ್ರಿ ಯಾರಿಗಾದರೂ ಕೆಟ್ಟರೆ ಇಳಿಯಲು ದಾರಿ ಯಾವುದು? ಒಂದು ಕಡೆ ಕುಂಜಂ ಪಾಸ್, ಗುಡ್ಡ ಹತ್ತಿ ದಾಟುವ ಜಾಗ, ಅದು ಇನ್ನೂ ಎತ್ತರ. ಇನ್ನೊಂದು ಕಡೆ ಹಳ್ಳಗಳು. ಕೆರೆಯನ್ನು ಹಗಲಲ್ಲಿ ನೋಡಿ ಬಾತಾಲ್‌ಗೆ ಇಳಿಯುವುದು ಅಂತಾಯಿತು.

ತಿಂಗಳು ಸೆಪ್ಟೆಂಬರ್ ಕೊನೆಯ ಪಾದ. ಜುಲೈ, ಆಗಸ್ಟಿನಲ್ಲಿ ಕಿನ್ನೌರ್ ಕಡೆ ಗುಡ್ಡ ಜಾರುತ್ತೆ, ಅಕ್ಟೋಬರ್ ಮುಂದೆ ಹೋದರೆ ಕುಂಜಂನಲ್ಲಿ ಹಿಮದ ಭಯ.

ಜನ ಹದಿನಾಲ್ಕು, ಗಾಡಿ ಐದು: ಎರಡು ಥಾರ್, ಒಂದು ಗೂರ್ಖಾ, ಒಂದು ಜಿಮ್ನಿ, ಒಂದು ಸ್ಕಾರ್ಪಿಯೋ. ಎಲ್ಲವೂ ಫೋರ್ ವೀಲ್ ಡ್ರೈವ್, ಇಂಜಿನ್ ಬಲ ನಾಲ್ಕೂ ಚಕ್ರಕ್ಕೆ ಹೋಗುವಂಥವು. ಐದಕ್ಕಿಂತ ಹೆಚ್ಚು ಬೇಡ ಅನ್ನುವುದು ನನ್ನ ಹಟ. ಒಂದು ಹಳ್ಳ ದಾಟಲು ಗಾಡಿಗೆ ಹತ್ತು ನಿಮಿಷ ಹಿಡಿದರೆ ಹತ್ತು ಗಾಡಿಗೆ ಬೆಳಗ್ಗೆಯೇ ಮುಗಿಯುತ್ತೆ. ಪ್ರತಿ ಗಾಡಿಗೂ ಇಬ್ಬರು ಓಡಿಸುವವರು ಇರಲೇಬೇಕು ಅಂತ ಇನ್ನೊಂದು ನಿಯಮ. ಗಂಡಸರಲ್ಲಿ ಕೆಲವರು ‘ನಾನೊಬ್ಬನೇ ಸಾಕು’ ಅಂದರು. ಹಾಗಾದರೆ ನೀವು ಬರೋದು ಬೇಡ ಅಂದೆ. ಅಕ್ಕ ಮಾತ್ರ ಏನೂ ಹೇಳದೆ ಎರಡು ತಿಂಗಳು ಭಾವನ ಗಾಡಿಯನ್ನು ದಿನಾ ತೋಟಕ್ಕೆ ತಗೊಂಡು ಹೋಗಿ ಬಂದಳು.

ತೋಟದ ಜೀಪು ಓಡಿಸುವವರಿಗೆ ಕಲಿಸುವುದು ಕಷ್ಟ. ಕಲಿತದ್ದನ್ನು ಮರೆಸಬೇಕಲ್ಲ! ನಮ್ಮ ಕೆಸರಿನಲ್ಲಿ ವೇಗ ಬಿಟ್ಟರೆ ಹೂತೇಹೋಯಿತು, ಅದಕ್ಕೆ ದಬಾಯಿಸುವುದು ರಕ್ತಕ್ಕೇ ಬಂದಿದೆ. ಕಲ್ಲಿನ ಹಳ್ಳದಲ್ಲಿ ಅದೇ ಕೆಲಸ ಮಾಡಿದರೆ ಟಯರ್ ಹರಿಯುತ್ತೆ, ಇಲ್ಲ ನೀರು ಇಂಜಿನ್ನಿಗೆ ನುಗ್ಗುತ್ತೆ. ಒಂದು ಭಾನುವಾರ ತೋಟದ ಹಿಂದಿನ ಹಳ್ಳಕ್ಕೆ ಐದೂ ಗಾಡಿ ಇಳಿಸಿ, ಫೋರ್ ಲೋ (ನಾಲ್ಕೂ ಚಕ್ರಕ್ಕೆ ವೇಗ ಕಡಿಮೆ, ಬಲ ಹೆಚ್ಚು ಕೊಡುವ ಗೇರು) ಹಾಕಿ, ಮೊದಲ ಗೇರಿನಲ್ಲಿ, ಕ್ಲಚ್ ಮುಟ್ಟದೆ, ನಡೆಯುವ ವೇಗದಲ್ಲಿ ದಾಟುವ ಅಭ್ಯಾಸ ಮಾಡಿಸಿದೆ. ಮುಂದಿನ ಬಂಪರ್ ಎದುರು ಸಣ್ಣ ಅಲೆ ಏಳಬೇಕು, ಅದನ್ನು ತಳ್ಳಿಕೊಂಡು ಅದರ ಹಿಂದೆಯೇ ಹೋಗಬೇಕು, ಅದನ್ನು ಹತ್ತಬಾರದು. ಅಡಿಕೆ ಮಂಡಿಯ ಗೆಳೆಯರೊಬ್ಬರು ಆರು ಸಲ ದಾಟಿದರೂ ಅವರ ಎಡಗಾಲು ಕ್ಲಚ್ ಮೇಲೇ. ಕೊನೆಗೆ ಎಡಗಾಲಿನ ಚಪ್ಪಲಿ ಬಿಚ್ಚಿಸಿ, ಕಾಲು ಮಡಚಿ ಕೂರಿಸಿದೆ.

ಸಾಮಾನಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಎಲ್ಲರೂ ಅದನ್ನೇ ಹೇಳುತ್ತಾರೆ. ನಾವು ಅದನ್ನು ಗಾಡಿಗಳಿಗೆ ಹಂಚಿದ ರೀತಿ ಮಾತ್ರ ಹೇಳುತ್ತೇನೆ: ಸ್ಟೆಪ್ನಿ, ಜಾಕ್, ಎರಡು ಶ್ಯಾಕಲ್ (ಸ್ಟ್ರಾಪ್ ಸಿಕ್ಕಿಸುವ ಕಬ್ಬಿಣದ ಕೊಂಡಿ), ಕುಡಿಯುವ ನೀರು ಪ್ರತಿ ಗಾಡಿಯದ್ದು ಪ್ರತಿ ಗಾಡಿಯಲ್ಲೇ. ಎಳೆಯುವ ಸ್ಟ್ರಾಪ್ ಎರಡು, ಒಂದು ಮೊದಲ ಗಾಡಿಯಲ್ಲಿ, ಒಂದು ಕೊನೆಯದರಲ್ಲಿ. ಎರಡೂ ಒಂದೇ ಗಾಡಿಯಲ್ಲಿದ್ದು ಆ ಗಾಡಿಯೇ ಹಳ್ಳದಲ್ಲಿ ನಿಂತರೆ? ಮೆಕ್ಯಾನಿಕ್ ಅಣ್ಣ ಯಾವಾಗಲೂ ಕಟ್ಟಕಡೆಗೆ. ಮುಂದಿದ್ದರೆ ಕೆಟ್ಟ ಗಾಡಿಗೆ ಅವನು ಹಿಂದಕ್ಕೆ ಬರಬೇಕು, ಹಿಂದಿದ್ದರೆ ಕೆಟ್ಟ ಗಾಡಿಯೇ ಅವನಿಗೆ ಸಿಗುತ್ತೆ. ಉಳಿದವರಿಗೆ ಹೇಳಿದ್ದು ಒಂದೇ: ಕನ್ನಡಿಯಲ್ಲಿ ಹಿಂದಿನ ಗಾಡಿ ಕಾಣದಿದ್ದರೆ ನಿಲ್ಲಿಸಿ.

ಪರವಾನಗಿ ಬೇಡದ ಕಡಿಮೆ ಶಕ್ತಿಯ ವಾಕಿಟಾಕಿ ಐದು ಕೊಂಡೆವು. ಗುಡ್ಡ ಅಡ್ಡ ಬಂದರೆ ಕೇಳುವುದಿಲ್ಲ, ಸಾಲಿನಲ್ಲಿ ಹೋಗುವಾಗ ಸಾಕು. ಉಪಗ್ರಹ ಫೋನ್ ತರಿಸೋಣ ಅಂತ ಒಬ್ಬರು ಉತ್ಸಾಹ ತೋರಿಸಿದರು. ನಮ್ಮ ದೇಶದಲ್ಲಿ ಅನುಮತಿ ಇಲ್ಲದೆ ಅದನ್ನು ಇಟ್ಟುಕೊಳ್ಳುವಂತಿಲ್ಲ, ಅದೂ ಚೀನಾ ಗಡಿಯ ಪಕ್ಕದ ಸುಮ್ದೋ ದಾಟಿಕೊಂಡು! ಬೇಡಪ್ಪ ಅಂದೆ. ಎಣ್ಣೆ ಲೆಕ್ಕ ಸುಲಭ: ಕಾಜಾದಲ್ಲಿ ಬಂಕ್ ಇದೆ, ಅಲ್ಲಿಂದ ಮನಾಲಿವರೆಗೆ ಸುಮಾರು 200 ಕಿಲೋಮೀಟರ್, ಚಂದ್ರತಾಲ್‌ಗೆ ಹೋಗಿಬರಲು ಇನ್ನೊಂದು 28, ನಡುವೆ ಬಂಕ್ ಇಲ್ಲ. ಫೋರ್ ಲೋನಲ್ಲಿ ಮೈಲೇಜ್ ಅರ್ಧ ಅಂತಲೇ ಹಿಡಿಯಬೇಕು. ಜಿಮ್ನಿಯ ಟ್ಯಾಂಕ್ 40 ಲೀಟರ್, ಅದಕ್ಕೆ ಮಾತ್ರ 10 ಲೀಟರಿನ ಕ್ಯಾನ್ ಇಟ್ಟೆವು.

ಕಾಜಾವರೆಗಿನ ದಾರಿ ಸುಖವಾಗಿಯೇ ಕಳೆಯಿತು. ಖಾಬ್ ಸೇತುವೆಯಲ್ಲಿ ಸಟ್ಲೆಜ್‌ಗೆ ಸ್ಪಿತಿ ನದಿ ಸೇರುವುದನ್ನು ನೋಡಿ, ನಾಕೋದಲ್ಲಿ ಊಟ ಮಾಡಿ, ತಾಬೋದಲ್ಲಿ 996ರ ಮಣ್ಣಿನ ಮಠದೊಳಗೆ ಕತ್ತಲಿಗೆ ಕಣ್ಣು ಹೊಂದಿಸಿಕೊಂಡು ನಿಂತೆವು. ಹಿಕ್ಕಿಂ ತಲುಪುವಷ್ಟರಲ್ಲಿ ಕೋಡುಬಳೆ ಪೊಟ್ಟಣಗಳು ಪೂರಿಯ ಹಾಗೆ ಉಬ್ಬಿದ್ದವು. ಮಕ್ಕಳಿಗೆ ನಗು. ನನಗೆ ಟಯರ್ ನೆನಪಾಯಿತು. ಹೊರಗಿನ ಗಾಳಿಯ ಒತ್ತಡ ಇಳಿದರೆ ಟಯರ್ ಒಳಗಿನದ್ದು ಅಷ್ಟು ಹೆಚ್ಚಾಗಿ ತೋರುತ್ತೆ. ಬೆಂಗಳೂರಿನಲ್ಲಿ 32 ಹಿಡಿದು ಬಂದದ್ದು ಅಲ್ಲಿ ಮೀಟರಿನಲ್ಲಿ 36, 37. ಕಲ್ಲು ದಾರಿಗೆ ಅದು ಬಿಗಿಯಾಯಿತು.

ಕಾಜಾದ ಎರಡನೇ ರಾತ್ರಿ ಭಾವ ಊಟಕ್ಕೆ ಬರಲಿಲ್ಲ. ಚಪಾತಿ ಇಷ್ಟವಾಗಲಿಲ್ಲವೇನೋ ಅಂದುಕೊಂಡೆ. ಅಕ್ಕ ಬಂದು ಮೆತ್ತಗೆ ಹೇಳಿದಳು, “ಬೆಳಗ್ಗಿಂದ ತಲೆನೋವಂತೆ ಕಣೋ. ಯಾರಿಗೂ ಹೇಳ್ಬೇಡ ಅಂದಿದಾರೆ.”

ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿದೆ. ನಮ್ಮೆಲ್ಲರದ್ದೂ 88, 90ರ ಆಸುಪಾಸು, ಭಾವನದ್ದು 79. ಸಂಖ್ಯೆ ಒಂದನ್ನೇ ನಂಬಬಾರದು, ಕೈ ತಣ್ಣಗಿದ್ದರೂ ಕಡಿಮೆ ತೋರಿಸುತ್ತೆ. ಆದರೆ ತಲೆನೋವು, ಊಟ ಸೇರದಿರುವುದು, ಅದರ ಮೇಲೆ ಈ ಸಂಖ್ಯೆ. ನಮ್ಮ ಗುಂಪಿನ ಡಾಕ್ಟ್ರು ಹಲ್ಲಿನ ಡಾಕ್ಟ್ರು, “ಇದು ನನ್ನ ಕೈಲಿ ಆಗೋದಲ್ಲ” ಅಂತ ಮೊದಲೇ ಕೈ ಎತ್ತಿದರು. ಊರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆಮ್ಲಜನಕ ಕೊಟ್ಟರು, ಬೆಳಗ್ಗೆ ಕೆಳಗೆ ಇಳಿಯಿರಿ, ಮೇಲೆ ಹೋಗಬೇಡಿ ಅಂದರು.

“ನಾಳೆ ಸರಿಹೋಗುತ್ತೆ ಬಿಡಪ್ಪ. ಒಂದು ಮಾತ್ರೆ ತಗೋತೀನಿ,” ಅಂದರು ಭಾವ.

“ಇಲ್ಲ ಭಾವ. ಕುಂಜಂ ದಾಟಿದ ಮೇಲೆ ನಿಮಗೆ ಹೆಚ್ಚಾದ್ರೆ ನಾನು ಎತ್ಕೊಂಡು ಹೋಗೋಕೂ ಜಾಗ ಇಲ್ಲ.”

ಅವರು ಗೋಡೆ ಕಡೆ ತಿರುಗಿ ಮಲಗಿದರು. ಮದುವೆಯಾದಾಗಿನಿಂದ ನನ್ನ ಮೇಲೆ ಒಂದು ಸಲವೂ ಮುನಿಸಿಕೊಂಡವರಲ್ಲ. ಬೆಳಗ್ಗೆ ಅಕ್ಕ ಡ್ರೈವರ್ ಸೀಟಿನಲ್ಲಿ ಕೂತು, ಕನ್ನಡಿ ತನ್ನ ಎತ್ತರಕ್ಕೆ ಸರಿಮಾಡಿಕೊಂಡು, ಬಂದ ದಾರಿಯಲ್ಲೇ ಕಲ್ಪಾ ಕಡೆ ಹೊರಟಳು. ಬಸ್ಸು ಓಡಾಡುವ ದಾರಿ, ಒಂದೇ ಗಾಡಿ ಹೋದರೂ ನಡೆಯುತ್ತೆ ಅಂತ ಬಿಟ್ಟೆ. ಇದೇ ಮಾತು ಬಾತಾಲ್‌ನಲ್ಲಿ ಬಂದಿದ್ದರೆ ಬಿಡುವ ಹಾಗಿರಲಿಲ್ಲ.

ಕೈಯಲ್ಲಿರಲಿ ಅಂತ ಇಟ್ಟಿದ್ದ ಮೂರನೇ ರಾತ್ರಿ ಉಳಿದವರು ಮಲಗಿ ಎದ್ದಿದ್ದಕ್ಕೇ ಸರಿಹೋಯಿತು. ಮರುದಿನ ನಾಲ್ಕು ಗಾಡಿ ಲೋಸರ್, ಕುಂಜಂ ದಾಟಿ ಚಂದ್ರತಾಲ್ ನೋಡಿದವು. ಕೆರೆಯ ಬಣ್ಣದ ಬಗ್ಗೆ ನಾನು ಬರೆಯಲು ಹೋಗುವುದಿಲ್ಲ. ರಾತ್ರಿ ಬಾತಾಲ್‌ನಲ್ಲಿ ಮೆಕ್ಯಾನಿಕ್ ಅಣ್ಣ ಟಾರ್ಚ್ ಹಿಡಿದು ಹದಿನಾರೂ ಟಯರ್‌ಗಳನ್ನು 24ಕ್ಕೆ ಇಳಿಸಿದ. ಅನ್ನ ಬೇಯಿಸಲು ಕುಕ್ಕರೇ ಬೇಕು ಅಂತ ಆವತ್ತು ನಂಬಿಕೆ ಬಂತು, ಅಲ್ಲಿ ನೀರು 87 ಡಿಗ್ರಿಗೇ ಕುದಿದುಬಿಡುತ್ತೆ. ಕುಕ್ಕರ್ ಭಾವನ ಗಾಡಿಯಲ್ಲಿ ಹೋಗಿತ್ತು. ಅರೆಬೆಂದ ಅನ್ನ ಬಿಟ್ಟು ಅವಲಕ್ಕಿಗೆ ಚಟ್ನಿಪುಡಿ ಕಲಸಿ ತಿಂದೆವು.

ಬೆಳಗ್ಗೆ ಆರಕ್ಕೆ ಸರಿಯಾಗಿ ಹೊರಟೆವು. ಗಾಜಿನ ಮೇಲೆ ಮಂಜು ಗಟ್ಟಿಯಾಗಿತ್ತು. ಛೋಟಾ ದಾರಾ ದಾಟಿ ಪಾಗಲ್ ನಾಲಾ ಹತ್ತಿರ ಬಂದಾಗ ಎಂಟು ಆಗಿರಲಿಲ್ಲ, ಬಿಸಿಲು ಇನ್ನೂ ಎದುರು ಗುಡ್ಡದ ತುದಿಯಲ್ಲೇ ಇತ್ತು. ಅದೇ ಹಳ್ಳವಾ ಅನ್ನಿಸಿತು! ನೀರು ತಿಳಿ. ಇಳಿದು, ಗಂಬೂಟ್ ಹಾಕಿ, ಕೋಲು ಊರುತ್ತಾ ನಡೆದೆ. ನೀರು ಎಲ್ಲಿ ನುಣ್ಣಗೆ ಕಪ್ಪಗೆ ಹರಿಯುತ್ತೋ ಅಲ್ಲಿ ಆಳ. ಎಲ್ಲಿ ಬೆಳ್ಳಗೆ ಗಲಗಲ ಅನ್ನುತ್ತೋ ಅಲ್ಲಿ ಕಲ್ಲಿದೆ, ಆಳ ಕಡಿಮೆ. ನಡುವೆ ಒಂದು ಚೂಪು ಕಲ್ಲು ಕೋಲಿಗೆ ತಾಗಿತು. ಅದಕ್ಕೆ ನೇರವಾಗಿ ಆಚೆ ದಡದಲ್ಲಿ ಕೆಂಪು ಟವೆಲ್ ಕಟ್ಟಿ, ಟವೆಲ್‌ನ ಎಡಕ್ಕೆ ಮೂಗು ಇಟ್ಟುಕೊಂಡು ಬನ್ನಿ ಅಂತ ವಾಕಿಟಾಕಿಯಲ್ಲಿ ಹೇಳಿದೆ. ಎರಡನೇ ಗಾಡಿಯಿಂದ ಮುಂದಕ್ಕೆ ನೀರಿಗೆ ಇಳಿಯುವ ಮುಂಚೆಯೇ ಸ್ಟ್ರಾಪ್‌ನ ಒಂದು ತುದಿ ಗಾಡಿಯ ಕೊಕ್ಕೆಗೆ. ನೀರಲ್ಲಿ ನಿಂತಮೇಲೆ ಕೊಕ್ಕೆ ಹುಡುಕಲು ತಣ್ಣೀರಲ್ಲಿ ಕೈ ಇಟ್ಟರೆ ಬೆರಳು ಮಡಚಲು ಬರುವುದಿಲ್ಲ. ಕಿಟಕಿ ಇಳಿಸಿ, ಸೀಟ್ ಬೆಲ್ಟ್ ಬಿಚ್ಚಿ, ಒಂದು ಗಾಡಿ ಆಚೆ ದಡ ಹತ್ತಿ ನಿಂತ ಮೇಲೇ ಮುಂದಿನದು.

ಮಂಡಿಯ ಗೆಳೆಯರು ಎಡಗಾಲು ಮಡಚಿಕೊಂಡೇ ದಾಟಿದರು, ಬರಿಗಾಲಲ್ಲಿ, ಆ ಚಳಿಯಲ್ಲಿ. ಕೊನೆಯ ಗಾಡಿ ಟವೆಲ್ ನೋಡಲು ಮರೆತು ಚೂಪು ಕಲ್ಲಿಗೇ ಬಂತು. ‘ಫುಸ್’ ಅಂದದ್ದು ನಾವು ನಿಂತಿದ್ದ ದಡಕ್ಕೂ ಕೇಳಿತು. ಟಯರಿನ ಪಕ್ಕದ ಗೋಡೆ ಎರಡು ಬೆರಳಗಲ ಸೀಳಿತ್ತು, ಅದಕ್ಕೆ ಪಂಕ್ಚರ್ ಹಾಕಲು ಬರುವುದಿಲ್ಲ. ನಿಲ್ಲಿಸಬೇಡ, ಹಾಗೇ ಬಾ ಅಂತ ಕೂಗಿದೆವು, ಕುಂಟಿಕೊಂಡು ದಡ ಸೇರಿತು. ಸ್ಟೆಪ್ನಿ ಹಾಕಲು ಇಪ್ಪತ್ತೈದು ನಿಮಿಷ. ಜಾಕ್ ಕೆಳಗೆ ಹಲಗೆ ಇಡಬೇಕು, ಅಲ್ಲಿನ ಗುಂಡುಕಲ್ಲಿನ ಮೇಲೆ ಜಾಕ್ ನಿಲ್ಲುವುದಿಲ್ಲ. ಹಲಗೆ ನಾವು ತಂದಿರಲಿಲ್ಲ. ರೊಟ್ಟಿ ಮಣೆ ಇತ್ತು, ಅದೇ ಹಲಗೆಯಾಯಿತು.

ಹನ್ನೆರಡಕ್ಕೆ ಗ್ರಾಂಫೂನಲ್ಲಿ ಡಾಂಬರು ಸಿಕ್ಕಿತು. ಒಂದೇ ಕಂಪ್ರೆಸರ್, ಹದಿನಾರು ಟಯರ್, ಗಾಳಿ ತುಂಬಲು ಒಂದೂವರೆ ಗಂಟೆ. ಕಂಪ್ರೆಸರ್ ಎರಡು ತರಬೇಕಿತ್ತು. ಕೊಕ್ಸಾರ್ ಹತ್ತಿರ ಎಲ್ಲರ ಫೋನೂ ಒಟ್ಟಿಗೆ ಟಣ್ ಟಣ್ ಅಂದವು. ನನಗೆ ಭಾವನ ಮೆಸೇಜ್ ಇತ್ತು, ಕಲ್ಪಾದಿಂದ. ತಲೆನೋವು ಹೋಗಿದೆ, ನಿಮ್ಮಕ್ಕ ಪಾಸ್ ಆದಳು ಅಂತ ಒಂದು ಸಾಲು. ಅದರ ಕೆಳಗೆ, ‘ನನ್ನ ಚಟ್ನಿಪುಡಿ ಡಬ್ಬಿ ನಿನ್ನ ಗಾಡೀಲಿ ಉಳಿದಿದೆ, ಖಾಲಿ ಮಾಡ್ಬೇಡ್ರಪ್ಪ.’

ಏನು ಉತ್ತರ ಬರೆಯುವುದು ಅಂತ ತೋಚದೆ ಸುರಂಗ ದಾಟಿದ ಮೇಲೆ ನೋಡೋಣ ಅಂತ ಫೋನ್ ಜೇಬಿಗೆ ಹಾಕಿಕೊಂಡೆ.