ಅದು ಚಲನ್ ಅಲ್ಲ: ವರ್ಜೀನಿಯಾಕ್ಕೆ ಹೊಸದಾಗಿ ಬಂದವರಿಗೆ

ಬ್ಯಾಂಕ್ ಖಾತೆ, ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ, ಲೈಸೆನ್ಸ್ ಇವೆಲ್ಲ ಒಂದು ತಿಂಗಳೊಳಗೆ ಆಗುತ್ತವೆ, ಯಾರನ್ನು ಕೇಳಿದರೂ ಹೇಳುತ್ತಾರೆ. ನನಗೆ ಯಾರೂ ಹೇಳದೇ ಹೋದ ಸಂಗತಿ ಬೇರೆ.

2011ರಲ್ಲಿ, ಇಲ್ಲಿಗೆ ಬಂದ ಹತ್ತನೆಯ ತಿಂಗಳು, 65 ಮೈಲಿ ಮಿತಿಯ ಹೆದ್ದಾರಿಯಲ್ಲಿ 83ರ ವೇಗದಲ್ಲಿ ಹೋಗಿ ಸಿಕ್ಕಿಬಿದ್ದೆ. ಕೈಗೆ ಬಂದ ಚೀಟಿಯಲ್ಲಿ ‘ರೆಕ್ಲೆಸ್ ಡ್ರೈವಿಂಗ್’, ಅಂದರೆ ಬೇಜವಾಬ್ದಾರಿ ಚಾಲನೆ, ಎಂದಿತ್ತು. ಬೆಂಗಳೂರಿನಲ್ಲಿ ಚಲನ್ ಕಟ್ಟಿ ಮರೆತು ಅಭ್ಯಾಸವಾದವನು ನಾನು. ಮಿತಿ ಸ್ವಲ್ಪ ಮೀರಿದರೆ ಇಲ್ಲಿಯೂ ಬರೀ ದಂಡವೇ. ಆದರೆ ವರ್ಜೀನಿಯಾದಲ್ಲಿ ಮಿತಿಗಿಂತ 20 ಮೈಲಿ ಹೆಚ್ಚಾದರೆ, ಅಥವಾ ಮಿತಿ ಎಷ್ಟೇ ಇರಲಿ ಆಗಿನ ಕಾನೂನಿನಂತೆ 80 (2020ರಿಂದ 85) ದಾಟಿದರೆ, ಅದು ಮೊದಲ ದರ್ಜೆಯ ಮಿಸ್‌ಡಿಮೀನರ್. ಹನ್ನೆರಡು ತಿಂಗಳವರೆಗೆ ಜೈಲು, 2,500 ಡಾಲರ್‌ವರೆಗೆ ದಂಡ ವಿಧಿಸಬಹುದಾದ ಕ್ರಿಮಿನಲ್ ಅಪರಾಧ.

ವಕೀಲರಿಲ್ಲದೆ ನ್ಯಾಯಾಧೀಶರ ಮುಂದೆ ನಿಂತು, ತಲೆ ತಗ್ಗಿಸಿ, ತಪ್ಪು ನನ್ನದೇ ಎಂದೆ. ನಮ್ಮ ಮನೆಗಳಲ್ಲಿ ಹಿರಿಯರೆದುರು ಹಾಗೆ ಒಪ್ಪಿಕೊಂಡರೆ ಬೈದು ಊಟಕ್ಕೆ ಕರೆಯುತ್ತಾರೆ. ಕೋರ್ಟಿನಲ್ಲಿ ಅದೇ ಮಾತು ಅಪರಾಧ ಸಾಬೀತಾದ ದಾಖಲೆಯಾಯಿತು. ಹತ್ತು ದಿನದೊಳಗೆ ಮೇಲ್ಮನವಿ ಹಾಕಿದ್ದರೆ ಸರ್ಕ್ಯೂಟ್ ಕೋರ್ಟಿನಲ್ಲಿ ಹೊಸದಾಗಿ ವಿಚಾರಣೆ ಸಿಗುತ್ತಿತ್ತು. ಅದು ತಿಳಿದದ್ದು ಮೂರು ವರ್ಷದ ನಂತರ. ಅಂದಿನಿಂದ ಗ್ರೀನ್ ಕಾರ್ಡ್, ಪೌರತ್ವ, ಪ್ರತಿ ಅರ್ಜಿಯಲ್ಲೂ ‘ನಿಮ್ಮ ಮೇಲೆ ಅಪರಾಧ ಸಾಬೀತಾಗಿದೆಯೇ’ ಎಂಬ ಪ್ರಶ್ನೆಗೆ ‘ಹೌದು’ ಎಂದು ಬರೆದು, ಕೋರ್ಟಿನ ಮುದ್ರೆಯಿದ್ದ ಪ್ರತಿ ಲಗತ್ತಿಸಿ, ಹೊಟ್ಟೆಯಲ್ಲಿ ಸಂಕಟ ಇಟ್ಟುಕೊಂಡು ಕಾದಿದ್ದೇನೆ.

ಫೆಲನಿ ಎಂದರೆ ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆ ವಿಧಿಸಬಹುದಾದ ಗಂಭೀರ ಅಪರಾಧ, ಮಿಸ್‌ಡಿಮೀನರ್ ಅದಕ್ಕಿಂತ ಕೆಳಗಿನದು. ಕದ್ದ ವಸ್ತುವಿನ ಬೆಲೆ ಇಲ್ಲಿ ಸಾವಿರ ಡಾಲರ್ ಮುಟ್ಟಿದರೆ ಸಾಮಾನ್ಯವಾಗಿ ಫೆಲನಿ. ಈ ಗೆರೆ ಪೌರರಿಗಾಗಿ ಎಳೆದದ್ದು. ವೀಸಾದ ಮೇಲೆ ಇರುವವರಿಗೆ ಅದು ಆಸರೆಯಲ್ಲ. ಅಂಗಡಿಯಿಂದ ನಲವತ್ತು ಡಾಲರ್ ಸಾಮಾನು ತೆಗೆದ ಪ್ರಕರಣ ಮಿಸ್‌ಡಿಮೀನರ್ ಆದರೂ, ವಲಸೆ ಕಾನೂನಿಗೆ ಕಳ್ಳತನ ನೀತಿಗೆಟ್ಟ ಕೃತ್ಯ. ದೇಶಕ್ಕೆ ಬಂದ ಐದು ವರ್ಷದೊಳಗೆ ನಡೆದದ್ದಾದರೆ, ಅದೊಂದೇ ಗಡೀಪಾರಿಗೆ ದಾರಿಯಾಗಬಹುದು. ಇನ್ನೂ ಘೋರವಾದದ್ದು, ‘ಹನ್ನೆರಡು ತಿಂಗಳು ಜೈಲು, ಪೂರ್ತಿ ಅಮಾನತು’ ಎಂಬ ತೀರ್ಪು. ಜೈಲಿಗೆ ಹೋಗಲಿಲ್ಲವೆಂದು ದೇವರಿಗೆ ಕೈಮುಗಿದು ಮನೆಗೆ ಬರುತ್ತೀರಿ. ವಲಸೆ ಕಾನೂನು ಅಮಾನತನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕಳ್ಳತನಕ್ಕೆ ಒಂದು ವರ್ಷದ ಶಿಕ್ಷೆ ಎಂದಾದರೆ, ರಾಜ್ಯದ ಮಿಸ್‌ಡಿಮೀನರ್ ಅಲ್ಲಿ ‘ಅಗ್ರವೇಟೆಡ್ ಫೆಲನಿ’ಯೇ, ಅಂದರೆ ವಲಸೆ ಕಾನೂನು ಅತಿ ಗಂಭೀರವೆಂದು ಎಣಿಸುವ ಅಪರಾಧವೇ, ಆಗಿಬಿಡಬಹುದು.

ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯವಿದ್ದರೆ ವಕೀಲರು ಕಕ್ಷಿದಾರನಿಗೆ ಹೇಳಲೇಬೇಕೆಂದು 2010ರ ಪಡಿಲ್ಲಾ ಪ್ರಕರಣದಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ವಕೀಲರನ್ನೇ ಇಟ್ಟುಕೊಳ್ಳದವನಿಗೆ ಯಾರು ಹೇಳಬೇಕು? ದಯವಿಟ್ಟು ಹಣದ ಮುಖ ನೋಡಬೇಡಿ. ಕ್ರಿಮಿನಲ್ ವಕೀಲರನ್ನು ಹಿಡಿಯಿರಿ, ಬಾಯಿ ತೆರೆಯುವ ಮುನ್ನ ವಲಸೆ ವಕೀಲರನ್ನೂ ಕೇಳಿ.

ಈಗ ನನ್ನ ಮಗ ಕಾರು ಕಲಿಯುತ್ತಿದ್ದಾನೆ. ಪೊಲೀಸ್ ಕಾರು ಕಂಡೊಡನೆ ನಾನು ಮಾತು ನಿಲ್ಲಿಸುವುದೇಕೆ ಎಂದು ಕೇಳುತ್ತಾನೆ. ಇಲ್ಲೇ ಹುಟ್ಟಿದವನು, ಈ ನೆಲ ತನ್ನದೆಂದು ನಂಬಿದವನು. ಪೌರತ್ವ ಸಿಕ್ಕು ವರ್ಷಗಳಾದರೂ ನನಗೆ ಆ ನಿಶ್ಚಿಂತೆ ಬಂದಿಲ್ಲ. ಊರಿನಲ್ಲಿ ಠಾಣೆಯಿಂದ ಕರೆ ಬಂದರೆ ಸೋದರಮಾವ ಚಪ್ಪಲಿ ಮೆಟ್ಟಿಕೊಂಡು ಜೊತೆಗೆ ಹೊರಡುತ್ತಿದ್ದರು. ಅಂದು ಕೋರ್ಟಿನಲ್ಲಿ ಹಿಂತಿರುಗಿ ನೋಡಿದಾಗ ಬೆಂಚಿನ ಮೇಲೆ ನನ್ನವರೆಂಬವರು ಒಬ್ಬರೂ ಇರಲಿಲ್ಲ.

ನಿಮಗೆ ತಾರೀಖು ಬಂದರೆ ನನಗೆ ತಿಳಿಸಿ. ರಜೆ ಹಾಕಿ ಬರುತ್ತೇನೆ, ಹಿಂದಿನ ಬೆಂಚಿನಲ್ಲಿ ಕೂತಿರುತ್ತೇನೆ.